ಸೌರಫಲಕಗಳ ಸಾಲು, ಅದರ ನೆರಳು ಮತ್ತು ಗುತ್ತಿಗೆಯ ಜಮೀನು

ಜಮೀನನ್ನು ಸೌರವಿದ್ಯುತ್ ಕಂಪನಿಗಳಿಗೆ ಗುತ್ತಿಗೆ ಕೊಡತಕ್ಕ ವಾಡಿಕೆಯು ಹಳೆಯ ಮೈಸೂರು ಸೀಮೆಯ ಬಯಲು ತಾಲ್ಲೂಕುಗಳಲ್ಲಿ ಈಚೆಗೆ ಬಹಳವಾಗಿ ಹಬ್ಬಿರುವುದು. ಕಂಪನಿಯವರು ಊರಿಗೆ ಬಂದಾಗ ರಯತರು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳನ್ನು ಕೇಳುವರು: ಎಕರೆಗೆ ವರ್ಷಕ್ಕೆ ಎಷ್ಟು ರೂಪಾಯಿ, ಮತ್ತು ಎಷ್ಟು ವರ್ಷದ ಕರಾರು. ಈ ಎರಡೂ ಯುಕ್ತವಾದ ಪ್ರಶ್ನೆಗಳೇ. ಆದರೆ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳಿದವರು ವಿರಳ. ಫಲಕಗಳ ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಎಷ್ಟು ಅಡಿ ನೆಲವನ್ನು ಬಿಡಲಾಗುವುದು, ಮತ್ತು ಆ ನೆಲವು ಯಾರ ವಶದಲ್ಲಿರುವುದು? ಇಪ್ಪತ್ತೆಂಟು ವರ್ಷಗಳ ಕಾಲ ಜಮೀನು ಜಮೀನಾಗಿ ಉಳಿಯುವುದೋ ಇಲ್ಲವೋ ಎಂಬುದು ಈ ಪ್ರಶ್ನೆಯ ಉತ್ತರವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಸಾಲುಗಳ ನಡುವೆ ನೆಲ ಬಿಡುವುದಾದರೂ ಏತಕ್ಕೆಂದರೆ, ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಮೇಲೆ ಬೀಳಬಾರದೆಂಬುದಕ್ಕಾಗಿ. ಇದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಬಹುದೂರ ಹೋಗಬೇಕಾದ್ದಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಮಗನದೋ ಮಗಳದೋ ಮನೆಯಿಲ್ಲದ ರಯತ ಕುಟುಂಬಗಳು ಈಗ ಕಡಮೆ. (ಸಾರಕ್ಕಿ, ಯಡಿಯೂರು, ಮಡಿವಾಳದ ಕೆರೆಗಳು ಅಲ್ಲಿ ಇಂದಿಗೂ ಇವೆ, ಅವುಗಳ ಕೆಳಗಿನ ಗದ್ದೆಗಳು ಮಾತ್ರ ಇಲ್ಲ.) ಅಲ್ಲಿಯ ತಾರಸಿಗಳ ಮೇಲೆ ಜನರು ಸೋಲಾರ್ ಪ್ಲೇಟು ಎಂದು ಕರೆಯುವ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಓರೆಯಾಗಿ, ಎರಡು ಮೂರು ಸಾಲುಗಳಲ್ಲಿ ನಿಲ್ಲಿಸಿರುವರು. ಡಿಸೆಂಬರ್ ತಿಂಗಳ ಬೆಳಗ್ಗೆ ಎಂಟು ಗಂಟೆಗೆ ಮೇಲೆ ಹತ್ತಿ ನೋಡಿದರೆ, ನೀರಿನ ತೊಟ್ಟಿಯ ನೆರಳು ಒಂದು ಫಲಕದ ಮೇಲೆ, ಪಕ್ಕದವರು ಹೊಸದಾಗಿ ಎಬ್ಬಿಸಿದ ಮೂರನೆಯ ಅಂತಸ್ತಿನ ನೆರಳು ಇನ್ನೊಂದರ ಮೇಲೆ, ಮೊದಲನೆಯ ಸಾಲಿನ ನೆರಳು ಎರಡನೆಯ ಸಾಲಿನ ಬುಡದ ಮೇಲೆ ಒಂದು ಗೇಣಿನಷ್ಟು ಬಿದ್ದಿರುವುದು ಕಾಣಬಹುದು. ಒಂದು ಗೇಣು ನೆರಳಿಗೆ ಅಷ್ಟೇ ಪ್ರಮಾಣದ ನಷ್ಟವಾಗಬಹುದೆಂದು ಮನೆಯ ಯಜಮಾನನು ಎಣಿಸುವನು. ಹಾಗಲ್ಲ, ನಷ್ಟವು ನೆರಳಿನ ಅಳತೆಗೆ ಮೀರಿದ್ದು.

ಇದರ ಕಾರಣವು ನೀರಾವರಿ ಬಲ್ಲವರಿಗೆ ಸುಲಭವಾಗಿ ತಿಳಿಯತಕ್ಕದ್ದು. ಫಲಕದೊಳಗಿನ ಸಣ್ಣ ಸಣ್ಣ ಬಿಲ್ಲೆಗಳು ಒಂದಕ್ಕೊಂದು ಸರಪಳಿಯಂತೆ ಜೋಡಿಸಲ್ಪಟ್ಟಿರುವುವು. ಕಾಲುವೆಯಲ್ಲಿ ಒಂದೆಡೆ ಮಣ್ಣು ಕುಸಿದರೆ ಕೆಳಗಿನ ಅಷ್ಟೂ ಗದ್ದೆಗೆ ಹರಿಯುವ ನೀರು ಆ ಕಿರಿದಾದ ಬಾಯಿಯಷ್ಟೇ ಆಗುವಂತೆ, ನೆರಳಿನಲ್ಲಿ ಸಿಕ್ಕಿದ ಒಂದು ಬಿಲ್ಲೆಯು ಸರಪಳಿಯ ಅಷ್ಟೂ ವಿದ್ಯುತ್ತನ್ನು ತನ್ನ ಮಟ್ಟಕ್ಕೆ ಇಳಿಸುವುದು. ಈ ತೊಂದರೆಯನ್ನು ತಡೆಯಲು ಫಲಕದ ಬಿಲ್ಲೆಗಳನ್ನು ಸಾಮಾನ್ಯವಾಗಿ ಮೂರು ಪಾಲಾಗಿ ಮಾಡಿ, ಪ್ರತಿ ಪಾಲಿಗೂ ಡಯೋಡ್ ಎಂಬ ಒಂದು ಬದಿದಾರಿಯನ್ನು ಇಟ್ಟಿರುವರು. ನೆರಳು ಬಿದ್ದ ಪಾಲನ್ನು ಬಿಟ್ಟು ವಿದ್ಯುತ್ತು ಆ ದಾರಿಯಲ್ಲಿ ಸುತ್ತಿಕೊಂಡು ಹೋಗುವುದು. ಈ ಪಾಲುಗಳು ಫಲಕದ ಉದ್ದಕ್ಕೆ ಇರುವುದರಿಂದ, ಫಲಕವನ್ನು ಅಡ್ಡಲಾಗಿ ಕೂರಿಸಿದ್ದರೆ ಬುಡದ ನೆರಳಿಗೆ ಒಂದೇ ಪಾಲು ಹೋಗುವುದು. ನಿಲುವಾಗಿ ಕೂರಿಸಿದ್ದರೆ ಮೂರು ಪಾಲುಗಳೂ ಒಟ್ಟಿಗೆ ಹೋಗುವುವು. ಈಗ ಬರುತ್ತಿರುವ ಅರ್ಧಬಿಲ್ಲೆಯ ಫಲಕಗಳಲ್ಲಿ ಮೇಲಿನ ಅರ್ಧ ಬೇರೆ, ಕೆಳಗಿನ ಅರ್ಧ ಬೇರೆಯಾಗಿರುವುದರಿಂದ ಕೆಳಗಿನದು ಕತ್ತಲಾದರೂ ಮೇಲಿನದು ದುಡಿಯುತ್ತಿರುವುದು. ಹೊಲದಲ್ಲಿ ಇಪ್ಪತ್ತರಷ್ಟು ಫಲಕಗಳನ್ನು ಒಂದೇ ಸರಪಳಿಗೆ ಸೇರಿಸುವುದುಂಟು. ಮೇಲಿನ ಪಂಕ್ತಿಯನ್ನು ಒಂದು ಸರಪಳಿಗೂ ಕೆಳಗಿನ ಪಂಕ್ತಿಯನ್ನು ಮತ್ತೊಂದಕ್ಕೂ ಸೇರಿಸಿದಲ್ಲಿ ಬುಡದ ನೆರಳಿನ ನಷ್ಟವು ಕೆಳಗಿನದಕ್ಕೇ ನಿಲ್ಲುವುದು. ಮೋಡ ಕವಿದ ಆಷಾಢ ಶ್ರಾವಣಗಳಲ್ಲಿ ಬೆಳಕು ಆಕಾಶದ ಎಲ್ಲಾ ಕಡೆಯಿಂದಲೂ ಬರುವುದರಿಂದ ಈ ಚಿಂತೆ ಅಷ್ಟಾಗಿಲ್ಲ.

ಇನ್ನು ಎಷ್ಟು ಅಡಿ ಬಿಡಬೇಕೆಂಬ ವಿಚಾರ. ನೆರಳು ಅತ್ಯಂತ ಉದ್ದವಾಗಿ ಉತ್ತರಕ್ಕೆ ಚಾಚುವುದು ಡಿಸೆಂಬರ್ 21 ಅಥವಾ 22ರಂದು. ಉತ್ತರಾಯಣವೆಂದು ಸಂಕ್ರಾಂತಿಯನ್ನು ಜನವರಿ ನಡುವಿನಲ್ಲಿ ಆಚರಿಸುವರಾದರೂ ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಈ ದಿನವೇ. ಇದಕ್ಕೆ ವಿರುದ್ಧವಾಗಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಇದ್ದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವುದು. ಆದಕಾರಣ ಸಾಲಿನ ಅಂತರವನ್ನು ಲೆಕ್ಕ ಹಾಕತಕ್ಕವರು ಡಿಸೆಂಬರ್ ತಿಂಗಳನ್ನು ಹಿಡಿದು, ಬೆಳಗಿನ 9 ಗಂಟೆಯಿಂದ ಸಂಜೆ 3 ಗಂಟೆಯವರೆಗೆ ನೆರಳು ತಾಕಬಾರದೆಂಬ ನಿಯಮವನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವರು.

ಎರಡು ಫಲಕಗಳನ್ನು ಒಂದರ ಮೇಲೊಂದು ನಿಲುವಾಗಿ ಜೋಡಿಸಿದ 13 ಅಡಿ ಅಗಲದ ಒಂದು ಚಪ್ಪರವನ್ನು 15 ಡಿಗ್ರಿ ಓರೆಯಾಗಿ ನಿಲ್ಲಿಸಿದೆಯೆಂದು ಇಟ್ಟುಕೊಳ್ಳೋಣ. ಅದು ನೆಲದ ಮೇಲೆ ಹನ್ನೆರಡೂವರೆ ಅಡಿಯನ್ನು ಮುಚ್ಚುವುದು. ಅದರ ಮೇಲಂಚು ಕೆಳಂಚಿಗಿಂತ ಸುಮಾರು 3 ಅಡಿ 4 ಅಂಗುಲ ಎತ್ತರದಲ್ಲಿರುವುದು. ಪಾವಗಡದ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಬೆಳಗ್ಗೆ 9 ಗಂಟೆಗೆ ಈ ಎತ್ತರದ ನೆರಳು ಉತ್ತರಕ್ಕೆ ಸುಮಾರು ಮೂರೂವರೆ ಅಡಿ ಚಾಚುವುದು. ಅಂದರೆ ಎತ್ತರವೆಷ್ಟೋ ಬಿಡುವೂ ಹೆಚ್ಚುಕಡಮೆ ಅಷ್ಟೇ. ಬೆಂಗಳೂರಿನಲ್ಲಿಯೂ ಇದೇ ಲೆಕ್ಕ ಸಾಲುವುದು. 8 ಗಂಟೆಯ ನೆರಳನ್ನೂ ತಪ್ಪಿಸಬೇಕಾದರೆ 5 ಅಡಿ ಬೇಕು. 7 ಗಂಟೆಯದಕ್ಕೆ 11 ಅಡಿಗೂ ಮೀರಿ ಬೇಕಾಗುವುದು, ಆದರೆ ಆ ಹೊತ್ತಿನ ಎಳೆಬಿಸಿಲಿನಿಂದ ದೊರೆಯುವ ವಿದ್ಯುತ್ತು ಆ ನೆಲದ ಬೆಲೆಗೆ ತಕ್ಕುದಲ್ಲ.

ನೆಲವು ಸಮವಾಗಿಲ್ಲದಿದ್ದರೆ ಈ ಲೆಕ್ಕ ಬದಲಾಗುವುದು. ಹತ್ತು ಅಡಿಗೆ ಒಂದು ಅಡಿಯಂತೆ ಉತ್ತರಕ್ಕೆ ಇಳಿಜಾರಾದ ಹೊಲದಲ್ಲಿ ಮೂರೂವರೆ ಅಡಿಯ ಬಿಡುವು 5 ಅಡಿಗೂ ಹೆಚ್ಚಾಗಬೇಕು. ದಕ್ಷಿಣಕ್ಕೆ ಇಳಿಜಾರಾದಲ್ಲಿ ಕಡಮೆ ಸಾಕು. ಇದನ್ನು ಗಮನಿಸದೆ ಒಂದೇ ಅಳತೆಯನ್ನು ಊರಿಗೆಲ್ಲಾ ಹಾಕುವ ಗುತ್ತಿಗೆದಾರರೂ ಉಂಟು.

ಪುಸ್ತಕದ ಲೆಕ್ಕದಲ್ಲಿ ನಂಬಿಕೆ ಸಾಲದವರು ಕೋಲಿನಿಂದ ಪರೀಕ್ಷಿಸಬಹುದು. ಡಿಸೆಂಬರ್ ಮೂರನೆಯ ವಾರದಲ್ಲಿ, ಸಮವಾದ ನೆಲದಲ್ಲಿ, ಚಪ್ಪರದ ಎರಡು ಅಂಚುಗಳ ಎತ್ತರದ ವ್ಯತ್ಯಾಸದಷ್ಟೇ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ಪೂರ್ವ ಪಶ್ಚಿಮವಾಗಿ ಒಂದು ದಾರ ಎಳೆಯತಕ್ಕದ್ದು. ನೆರಳಿನ ತುದಿಯಿಂದ ಆ ದಾರಕ್ಕೆ ನೇರವಾಗಿರುವ ದೂರವೇ ಬೇಕಾದ ಬಿಡುವು. ಸೂರ್ಯನ 9 ಗಂಟೆಯು ಈ ಸೀಮೆಯಲ್ಲಿ ಆ ವಾರ ಗಡಿಯಾರದ 9 ಗಂಟೆ 20 ನಿಮಿಷಕ್ಕೆ ಬರುವುದೆಂಬುದನ್ನು ಮಾತ್ರ ಮರೆಯಬಾರದು. ಭಾರತದ ಗಡಿಯಾರವು ಬೆಂಗಳೂರಿಗಿಂತ ಬಹಳ ಪೂರ್ವದ ರೇಖೆಗೆ ಹೊಂದಿಸಲ್ಪಟ್ಟಿದೆ.

ಈಗ ಇದನ್ನು ಜರ್ಮನಿಯೊಂದಿಗೆ ಹೋಲಿಸಿ ನೋಡತಕ್ಕದ್ದು. ಬರ್ಲಿನ್ ನಗರದಲ್ಲಿ ಡಿಸೆಂಬರ್ ತಿಂಗಳ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ 14 ಡಿಗ್ರಿಗಳಷ್ಟೇ ಮೇಲಿರುವನು. ಅಲ್ಲಿ ನೆರಳು ಎತ್ತರದ ನಾಲ್ಕರಷ್ಟು, ಅದೂ ಮಧ್ಯಾಹ್ನಕ್ಕೆ. ಫಲಕವನ್ನು ಅಲ್ಲಿ ಹೆಚ್ಚು ಓರೆಯಾಗಿಯೂ ನಿಲ್ಲಿಸಬೇಕು. ಆದ್ದರಿಂದ ಸಾಲುಗಳನ್ನು ದೂರ ದೂರ ಇಡುವುದು ಅವರಿಗೆ ಅನಿವಾರ್ಯ. ಹೇಗೂ ಬಿಟ್ಟ ನೆಲದಲ್ಲಿ ಬೆಳೆಯನ್ನೇಕೆ ಇಡಬಾರದೆಂದು 1981ರಷ್ಟು ಹಿಂದೆಯೇ ಅಡೋಲ್ಫ್ ಗೋಟ್ಸ್‌ಬರ್ಗರ್ ಎಂಬ ಜರ್ಮನ್ ವಿಜ್ಞಾನಿಯು ಆಲೂಗಡ್ಡೆಯ ಉದಾಹರಣೆ ಕೊಟ್ಟು ಬರೆದನು. ಫಲಕಗಳನ್ನು ಸುಮಾರು ಎರಡು ಮೀಟರ್ ಮೇಲೆತ್ತಿ, ಸಾಲುಗಳನ್ನು ಅಗಲವಾಗಿ ಬಿಡಬೇಕೆಂಬುದು ಆತನ ಸಲಹೆ.

ಇಲ್ಲಿಯ ಸೂರ್ಯನು ಅಂತಹ ಬಲವಂತ ಮಾಡುವುದಿಲ್ಲ. ಮೂರೂವರೆ ಅಡಿ ಬಿಟ್ಟರೆ ಫಲಕಕ್ಕೆ ಸಾಕು. ಅದಕ್ಕಿಂತ ಹೆಚ್ಚು ಬಿಡುವುದೂ ಬಿಡದಿರುವುದೂ ಮನುಷ್ಯರ ಇಷ್ಟಕ್ಕೆ ಸೇರಿದ್ದು, ಎಂದರೆ ಕರಾರುಪತ್ರ ಬರೆಯತಕ್ಕವರ ಇಷ್ಟಕ್ಕೆ. ಜಮೀನಿನ ಮಾಲೀಕನು ಬಾಯಿ ಹಾಕಬೇಕಾದ ಸ್ಥಳವು ಇದೇ.

ಪಾವಗಡದ ಉದಾಹರಣೆ ಎಲ್ಲರೂ ಬಲ್ಲದ್ದು. ತುಮಕೂರು ಜಿಲ್ಲೆಯ ಆ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಎದ್ದಿರುವ ಸೌರ ಉದ್ಯಾನದ ಮೊದಲ ಭಾಗವು 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಜಮೀನನ್ನು ಕೊಂಡುಕೊಳ್ಳದೆ 28 ವರ್ಷಕ್ಕೆ ಗುತ್ತಿಗೆ ಪಡೆದದ್ದು ಈ ಏರ್ಪಾಡಿನ ಮೆಚ್ಚತಕ್ಕ ಗುಣ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಬಿತ್ತನೆಯ ಬೀಜವೂ ಹಿಂದಿರುಗದ ವರ್ಷಗಳನ್ನು ಕಂಡ ರಯತನಿಗೆ ಎಕರೆಗೆ 21,000 ರೂಪಾಯಿ ತಪ್ಪದೆ ಬರುವುದು ಸಣ್ಣ ಮಾತಲ್ಲ. ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರತಕ್ಕ ಕರಾರಿನಿಂದ ಕೊನೆಯ ವರ್ಷಕ್ಕೆ ಅದು ಸುಮಾರು 39,600 ರೂಪಾಯಿಯಾಗುವುದು. ಅಷ್ಟು ಹೊತ್ತಿಗೆ ಒಂದು ಚೀಲ ರಾಗಿಯ ಬೆಲೆ ಎಷ್ಟಿರುವುದೋ ಓದುಗರೇ ಊಹಿಸಿಕೊಳ್ಳಬಹುದು.

ಆದರೆ ನೆಲದ ಲೆಕ್ಕವನ್ನು ನೋಡಿದರೆ ಬೇರೊಂದು ಸಂಗತಿ ಕಾಣುವುದು. 13,000 ಎಕರೆಯನ್ನು 2,050ರಿಂದ ಭಾಗಿಸಿದರೆ ಮೆಗಾವಾಟಿಗೆ ಆರು ಎಕರೆಯ ಮೇಲಾಯಿತು. ಆ ಕಾಲದ ಫಲಕಗಳನ್ನು ಒಂದರ ಪಕ್ಕ ಒಂದು ಹಾಸಿದರೆ ಮೆಗಾವಾಟಿಗೆ ಸುಮಾರು ಎರಡು ಎಕರೆ ಹಿಡಿಯುವುವು. ಮಿಕ್ಕ ನಾಲ್ಕು ಎಕರೆಯು ಸಾಲಿನ ಬಿಡುವು, ರಸ್ತೆ, ಚರಂಡಿ, ವಿದ್ಯುತ್ ಕೇಂದ್ರ, ಎಲ್ಲೆಯ ಅಂಚು ಇವುಗಳಿಗೆ ಹೋಗಿದೆ. ಇವುಗಳಲ್ಲಿ ಕೆಲವು ಬೇಕಾದವೇ. ಆದರೂ ಮೂರರಲ್ಲಿ ಎರಡು ಪಾಲು ನೆಲವು ಬಿಸಿಲು ಕಾಣುವ ಮಣ್ಣಾಗಿಯೇ ಉಳಿದು, ಬೇಲಿಯೊಳಗೆ ಬೀಗದಲ್ಲಿರುವುದು. ಜಮೀನಿದ್ದವರಿಗೆ ಬಾಡಿಗೆ ಬಂತು. ಜಮೀನಿಲ್ಲದೆ ಕಳೆ ಕೀಳಲೂ ಕಾಯಿ ಬಿಡಿಸಲೂ ಹೋಗುತ್ತಿದ್ದವರಿಗೆ ಆ ಕೂಲಿ ಹೋಯಿತು, ಕುರಿಗಾರರಿಗೆ ಮೇವು ಹೋಯಿತು. ಗ್ರಾಮದ ಮುಖಂಡರಾದವರು ಈ ಎರಡನೆಯ ಪಂಗಡದವರ ಪರವಾಗಿಯೂ ಮಾತನಾಡಬೇಕಾದವರು.

ಆದುದರಿಂದ ಕಂಪನಿಯವರ ಮುಂದೆ ಇಡಬೇಕಾದ ಮಾತು ನೇರವಾದದ್ದು. ನೆರಳಿಗೆ ಬೇಕಾದಷ್ಟೇ ಬಿಟ್ಟು ಸಾಲುಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ, ಕಡಮೆ ಜಮೀನನ್ನು ತೆಗೆದುಕೊಂಡು, ಉಳಿದದ್ದನ್ನು ರಯತನಿಗೇ ಬಿಡಲಿ. ಇಲ್ಲವಾದರೆ ಸಾಲುಗಳನ್ನು ಅಗಲವಾಗಿ ಬಿಟ್ಟು ನಡುವೆ ಉಳುಮೆಗೆ ಅವಕಾಶ ಕೊಡಲಿ. ಅಗಲವಾಗಿಯೂ ಬಿಟ್ಟು ಬೀಗವನ್ನೂ ಹಾಕುವುದು ಯಾರಿಗೂ ಲಾಭವಲ್ಲ.

ಎರಡನೆಯ ದಾರಿಯನ್ನು ಹಿಡಿಯತಕ್ಕವರು ಒಂದು ಮೋಸದ ಲೆಕ್ಕದ ವಿಷಯದಲ್ಲಿ ಎಚ್ಚರವಾಗಿರಬೇಕು. ಫಲಕಕ್ಕೆ ನೆರಳಿಲ್ಲವೆಂದ ಮಾತ್ರಕ್ಕೆ ಬೆಳೆಗೆ ನೆರಳಿಲ್ಲವೆಂದಾಗದು. ಮೇಲೆ ಹೇಳಿದ ಚಪ್ಪರದ ಕೆಳಂಚು ನೆಲದಿಂದ 2 ಅಡಿ ಮೇಲಿದ್ದರೆ, ಅದರ ಮೇಲಂಚಿನ ನೆರಳು ಡಿಸೆಂಬರ್ ನಡುಹಗಲಿನಲ್ಲಿಯೇ ನೆಲದ ಮೇಲೆ 4 ಅಡಿ ಉತ್ತರಕ್ಕೆ ಹೋಗುವುದು. ಮೂರೂವರೆ ಅಡಿಯ ಪಟ್ಟಿಯು ಆಗ ಪೂರ್ತಿಯಾಗಿ ಕತ್ತಲೆ. ಅಲ್ಲಿ ಹುಲ್ಲಿಗಿಂತ ಹೆಚ್ಚಿನದೇನನ್ನೂ ಎದುರು ನೋಡತಕ್ಕದ್ದಲ್ಲ. ಬಿಡುವು 12 ಅಡಿಯಾದರೆ 4 ಅಡಿ ಹೋಗಿ 8 ಅಡಿ ಬಿಸಿಲಿನ ನೆಲ ಸಿಕ್ಕುವುದು. ಮುಂಗಾರಿನಲ್ಲಿ ಸೂರ್ಯನು ನೆತ್ತಿಯ ಸಮೀಪದಲ್ಲಿರುವುದರಿಂದ ಮಧ್ಯಾಹ್ನಕ್ಕೆ 12 ಅಡಿಯೂ ಬೆಳಕೇ. ಹೀಗೆ ಮಾಡಿದರೆ ಮೂರು ಸಾಲು ಹಿಡಿಯುತ್ತಿದ್ದ ಕಡೆ ಎರಡೇ ಸಾಲು ಹಿಡಿಯುವುವೆಂಬುದು ನಿಜ. ಕಂಪನಿಯವರು ಬಾಡಿಗೆಯಲ್ಲಿ ಸ್ವಲ್ಪ ಇಳಿಸಿಕೊಳ್ಳಿರೆಂದು ಕೇಳುವರು. ಬೆಳೆಯ ಹಕ್ಕು ರಯತನಿಗೆ ಬರುವುದಾದರೆ ಆ ಇಳಿತವನ್ನು ಒಪ್ಪುವುದು ಅವಿವೇಕವಲ್ಲ.

ಚಪ್ಪರವನ್ನು ಏಳೆಂಟು ಅಡಿ ಮೇಲೆತ್ತಿದರೆ ಅಡಿಯಲ್ಲೆಲ್ಲಾ ಬೆಳೆಯಬಹುದೆಂದು ಹೇಳುವವರಿದ್ದಾರೆ. ಎಲ್ಲಾ ಸಾಲುಗಳೂ ಒಂದೇ ಎತ್ತರಕ್ಕೆ ಏರುವುದರಿಂದ ಸಾಲಿನ ಮೇಲೆ ಬೀಳುವ ಸಾಲಿನ ನೆರಳು ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ನೆಲಕ್ಕೆ ಬೀಳುವ ಒಟ್ಟು ಬಿಸಿಲೂ ಅಷ್ಟೇ; ಅದು ದಿನದಲ್ಲಿ ಎಲ್ಲಾ ಕಡೆಗೂ ಹಂಚಿಹೋಗುವುದು, ಅಡಿಯಲ್ಲಿ ಎತ್ತು ಟಿಲ್ಲರುಗಳು ಓಡಾಡಬಹುದು, ಇಷ್ಟೇ ವಿಶೇಷ. ಕಬ್ಬಿಣದ ಖರ್ಚು ಬಹಳ ಏರುವುದು, ಗಾಳಿಯ ಹೊಡೆತವೂ ಹೆಚ್ಚು. ಕೊತ್ತಂಬರಿ, ಶುಂಠಿ, ಅರಿಸಿನ, ಸೊಪ್ಪುಗಳಂತಹ ನೆರಳು ತಾಳತಕ್ಕ ಬೆಳೆಗಳನ್ನು ನೀರಾವರಿಯಲ್ಲಿ ಬೆಳೆದು ಬೆಂಗಳೂರಿನ ಪೇಟೆಗೆ ಕಳುಹಿಸುವವರಿಗೆ ಅದು ಹೊಂದಬಹುದು. ಖುಷ್ಕಿ ಜಮೀನಿಗೆ ಎತ್ತರಕ್ಕಿಂತ ಅಗಲವೇ ಮೇಲು.

ಅಗಲವಾದ ಪಟ್ಟಿಯಲ್ಲಿ ಕಡಲೆಕಾಯಿ, ಹುರುಳಿ, ಹೆಸರುಗಳಂತಹ ಗಿಡ್ಡ ಬೆಳೆಗಳನ್ನೇ ಇಡತಕ್ಕದ್ದು. ತೊಗರಿ, ಮುಸುಕಿನ ಜೋಳ ಇವು ಬೆಳೆದು ನಿಂತು ತಾವೇ ಫಲಕಕ್ಕೆ ನೆರಳಾಗುವುವು. ರಾಜಸ್ಥಾನದ ಜೋಧಪುರದಲ್ಲಿರುವ ಕೇಂದ್ರ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು 105 ಕಿಲೋವಾಟಿನ ಒಂದು ಕ್ಷೇತ್ರದಲ್ಲಿ ಸಾಲುಗಳ ನಡುವೆ ಹೆಸರು, ಮಡಿಕೆ ಕಾಳು, ಗೋರಿಕಾಯಿಗಳನ್ನು ಬೆಳೆದು, ಫಲಕಗಳ ಮೇಲೆ ಬಿದ್ದ ಮಳೆನೀರನ್ನೂ ದೋಣಿ ಕಟ್ಟಿ ಶೇಖರಿಸಿರುವರು. ಅವರು ಒಂಟಿ ಸಾಲಿನ ಫಲಕಗಳಿಗೆ 3 ಮೀಟರ್, ಜೋಡಿ ಸಾಲಿಗೆ 6 ಮೀಟರ್, ಮೂರು ಸಾಲಿಗೆ 9 ಮೀಟರ್ ಬಿಡುವನ್ನು ಇಟ್ಟುಕೊಂಡಿದ್ದಾರೆ. ಮಳೆನೀರಿನ ಮಾತು ಬಂದುದರಿಂದ ಹೇಳಬೇಕಾದ್ದೇನೆಂದರೆ, ದೋಣಿಯಿಲ್ಲದಿದ್ದಲ್ಲಿ ಕೆಳಂಚಿನಿಂದ ಸುರಿಯುವ ನೀರು ಒಂದೇ ಗೆರೆಯಲ್ಲಿ ಬಿದ್ದು ಕೆಮ್ಮಣ್ಣನ್ನು ಕೊರೆಯುವುದು. ಅಲ್ಲಿ ಹುಲ್ಲಿನ ಪಟ್ಟಿಯೊಂದು ಇರಲೇಬೇಕು.

ಕಂಪನಿಯವರ ಆಕ್ಷೇಪಣೆಗಳು ಸುಳ್ಳೆಂದು ತಳ್ಳಿಬಿಡುವಂತಿಲ್ಲ. ಉಳುಮೆಯ ಧೂಳು ಫಲಕದ ಮೇಲೆ ಕೂರುವುದು, ನೇಗಿಲು ತಂತಿಯನ್ನು ತಾಕಬಹುದು, ಒಳಗೆ ಓಡಾಡುವವರಿಗೆ ಅಪಾಯವಾದರೆ ಹೊಣೆ ಯಾರದೆಂಬ ಪ್ರಶ್ನೆ ಬರುವುದು. ತಂತಿಯನ್ನು ಮೊದಲೇ ಆಳವಾಗಿ ಹೂಳಿಸಿ, ಅದರ ನಕ್ಷೆಯ ಪ್ರತಿಯನ್ನು ಗ್ರಾಮ ಪಂಚಾಯತಿಯಲ್ಲಿ ಇಡಿಸುವುದರಿಂದ ಎರಡನೆಯದು ಬಹುಪಾಲು ನಿವಾರಣೆಯಾಗುವುದು. ಧೂಳಿಗೆ ಹೆದರುವವರು ಕುರಿಗಳನ್ನಾದರೂ ಬಿಡಿಸಿಕೊಳ್ಳಲಿ. ಹುಲ್ಲು ಬೆಳೆದು ಕೆಳಂಚನ್ನು ಮುಟ್ಟಿದರೆ ಅದೂ ನೆರಳೇ ಆದ್ದರಿಂದ ಕಂಪನಿಯವರು ಅದನ್ನು ಕೂಲಿ ಕೊಟ್ಟು ಕೊಯ್ಯಿಸಬೇಕಾಗುವುದು. ಕುರಿಯು ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುವುದು. ಮೇಕೆಯನ್ನು ಮಾತ್ರ ಬಿಡತಕ್ಕದ್ದಲ್ಲ. ಅದು ಚಪ್ಪರವನ್ನು ಹತ್ತುವುದು, ತಂತಿಯನ್ನೂ ಕಡಿಯುವುದು.

ದೊಡ್ಡ ಕಂಪನಿಗೆ ಕೊಡದೆ ತಾವೇ ಫಲಕಗಳನ್ನು ಹಾಕತಕ್ಕ ರಯತರಿಗೂ ಇದೇ ಲೆಕ್ಕ ಅನ್ವಯಿಸುವುದು. ಬನಶಂಕರಿಯಿಂದ ಹೊರಡುವ ರಸ್ತೆಯಲ್ಲಿ ಕನಕಪುರ ತಾಲ್ಲೂಕಿಗೆ ಹೋದರೆ ಹಾರೋಬೆಲೆಯಲ್ಲಿ, 2014ರಲ್ಲಿ ಪ್ರಕಟವಾದ ಸೂರ್ಯ ರೈತ ಯೋಜನೆಯ ಮೇರೆಗೆ, ರಯತರು ತಮ್ಮ ಹೊಲಗಳಲ್ಲಿಯೇ ಸೌರ ಪಂಪುಗಳನ್ನು ಇಟ್ಟು ಮಿಕ್ಕ ವಿದ್ಯುತ್ತನ್ನು ಮಾರತಕ್ಕ ಪ್ರಯೋಗ ನಡೆಯಿತು. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟಿನವರೆಗಿನ ಸ್ಥಾವರಗಳನ್ನು ಬೀಳು ಜಮೀನಿನಲ್ಲಿ ರಯತರೇ ಕಟ್ಟಿಕೊಳ್ಳಲು ಅವಕಾಶ ಕೊಡಲಾಯಿತು. ಸಾಗುವಳಿಯ ಜಮೀನಾದರೆ ಅಡಿಯಲ್ಲಿ ಬೆಳೆ ಬರುವಂತೆ ಕಂಬಗಳ ಮೇಲೆ ಎತ್ತಿ ಕಟ್ಟಬೇಕೆಂದು ಅದರಲ್ಲಿ ಹೇಳಿದೆ. 5 ಅಶ್ವಶಕ್ತಿಯ ಪಂಪಿಗೆ 4,800 ವಾಟಿನ ಫಲಕಗಳು ಬೇಕು, ಎಂದರೆ ಈಗಿನ ದೊಡ್ಡ ಫಲಕಗಳು ಒಂಬತ್ತೋ ಹತ್ತೋ ಸಾಕು. ಅಷ್ಟನ್ನು ಪೂರ್ವ ಪಶ್ಚಿಮವಾಗಿ ಒಂದೇ ಸಾಲಿನಲ್ಲಿ ಬದುವಿನ ಉದ್ದಕ್ಕೆ ನಿಲ್ಲಿಸಿದರೆ ಸಾಲಿನ ನೆರಳೆಂಬ ಪ್ರಶ್ನೆಯೇ ಏಳುವುದಿಲ್ಲ. ಬಾವಿಯ ಮಗ್ಗುಲಲ್ಲಿ ತೆಂಗಿನ ಮರವಿದ್ದರೆ ಅದರ ದಕ್ಷಿಣಕ್ಕೆ ಫಲಕವನ್ನು ಇಡತಕ್ಕದ್ದು. ಉತ್ತರಕ್ಕೆ ಇಟ್ಟು, ಡಿಸೆಂಬರಿನಲ್ಲಿ ಪಂಪು ನಿಂತಿತೆಂದು ಮರವನ್ನು ಕಡಿಸಿದವರೂ ಇದ್ದಾರೆ.